ಚಿಲಕದ ಸಪ್ಪಳ

ನಮ್ಮ ಹೊಳೆಮಣ್ಣೂರಿನ ನಾಯಿಗಳಿಗೆ ಒಂಟಿತನ ಗೊತ್ತಿಲ್ಲ. ಕಟ್ಟೆಯ ಮೇಲೆ ಜನ, ದನದ ಮನೆಯಲ್ಲಿ ಎಮ್ಮೆ, ಓಣಿ ತುಂಬ ಜೊತೆಗಾರರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೊಳಗೆ ಬಂತು. ಎಲ್ಲರೂ ಟ್ರ್ಯಾಕ್ಟರ್ ಹತ್ತುವಾಗ ನಮ್ಮ ಕರಿಯ ಗದ್ದಲಕ್ಕೆ ಬೆದರಿ ಮಾಳಿಗೆ ಏರಿದವನು ಇಳಿಯಲೇ ಇಲ್ಲ. ನೀರಿಳಿದ ಮೇಲೆ ಅಲ್ಲೇ ಸಿಕ್ಕ.

ಅಂದಿನಿಂದ ಚಿಲಕದ ಸಪ್ಪಳವಾದರೆ ಜೊಲ್ಲು ಸುರಿಸುತ್ತಿದ್ದ, ಊಳಿಡುತ್ತಿದ್ದ, ಉಗುರಲ್ಲಿ ರಕ್ತ ಬರುವಂತೆ ಬಾಗಿಲು ಕೆರೆಯುತ್ತಿದ್ದ. ‘ಸೊಕ್ಕು ಬಂದೈತಿ, ಎರಡು ಬಿಗೀರಿ’ ಎಂದರು ಓಣಿಯವರು. ‘ಸೊಕ್ಕಲ್ಲ, ಅಂಜಿಕಿ’ ಅಂದಳು ಅವ್ವ. ಆ ಹಿಂಗಾರಿಗೆ ಅವಳು ಹೊಲಕ್ಕೇ ಹೋಗಲಿಲ್ಲ. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡುವ ಮಾತನ್ನು ಅಪ್ಪ ಎತ್ತಿದ.

ಪಶುವೈದ್ಯರು ಹೇಳುವುದೂ ಅವ್ವನ ಮಾತನ್ನೇ. ಇದು ಅಗಲಿಕೆಯ ಆತಂಕ, ಹೊಡೆದರೆ ಹೆಚ್ಚುತ್ತದೆ. 2020ರ ಲಾಕ್‌ಡೌನಿನಲ್ಲಿ ಹಾಸ್ಟೆಲು ಮುಚ್ಚಿ, ಪ್ರಬಂಧದ ಗಂಟು ಹೊತ್ತು ಊರಿಗೆ ಬಂದ ನನಗೆ ಸಮಯವಿತ್ತು. ಮೊದಲು ಚಿಲಕ ಮುಟ್ಟಿ ಸುಮ್ಮನೆ ಕೂತೆ, ದಿನಕ್ಕೆ ಹತ್ತಾರು ಸಲ. ಆ ಸಪ್ಪಳಕ್ಕೆ ಅವನು ತಲೆ ಎತ್ತದಂತಾದಾಗ ಹೊರಗೆ ಹತ್ತು ಸೆಕೆಂಡು ನಿಂತೆ. ಆಮೇಲೆ ಅರ್ಧ ನಿಮಿಷ, ಐದು ನಿಮಿಷ. ಅವನು ಅಂಜುವ ಮೊದಲೇ ಮರಳುವುದು ನಿಯಮ. ಊಳಿಟ್ಟರೆ ಮರುದಿನ ಹೊತ್ತು ಕಡಿಮೆ. ಹೋಗುವಾಗ ಮುದ್ದಿಲ್ಲ, ಬಂದಾಗ ಸಡಗರವಿಲ್ಲ. ಆತಂಕ ತೀರಾ ಹೆಚ್ಚಿದ ನಾಯಿಗಳಿಗೆ ವೈದ್ಯರು ಔಷಧ ಕೊಡುವುದೂ ಉಂಟು. ಅದೂ ಈ ಅಭ್ಯಾಸದ ಜೊತೆಗೇ.

ಒಂದು ತಾಸಿಗೆ ಮುಟ್ಟಲು ತಿಂಗಳುಗಳೇ ಹಿಡಿದವು. ಉಳಿದದ್ದನ್ನು ಅವ್ವ ಮುಂದುವರಿಸಿದಳು. ಮುಂದಿನ ಸುಗ್ಗಿಯಲ್ಲಿ ಧಾರವಾಡಕ್ಕೆ ಅವಳ ಫೋನು ಬಂತು: ‘ಕಡ್ಲಿ ಕಿತ್ತು ಬಂದೆ. ಇವ ಇನ್ನೂ ಮಲಗ್ಯಾನ.’