ಪಿಸ್ತೂಲಿನ ಹಿಡಿ

ನನ್ನ ಮಗಳು ಪಿಸ್ತೂಲು ಹಾರಿಸುತ್ತಾಳೆಂದು ಹೇಳಿದರೆ, ಕೇಳಿದವರು ಮೊದಲು ನನ್ನ ಮುಖವನ್ನು ನೋಡುತ್ತಾರೆ. ಆಮೇಲೆ ಮನೆಯ ಬಾಗಿಲು ಎಷ್ಟು ದೂರವಿದೆಯೆಂದು ನೋಡುತ್ತಾರೆ. ಅದು ಗಾಳಿಯ ಪಿಸ್ತೂಲು. ಮದ್ದಿಲ್ಲ, ಹೊಗೆಯಿಲ್ಲ. ಆದರೂ ಅದು ಬೀಗದೊಳಗೇ ಇರುತ್ತದೆ. ಸಿಲಿಂಡರಿನಲ್ಲಿ ಒತ್ತಿಟ್ಟ ಗಾಳಿಯು ನಾಲ್ಕೂವರೆ ಮಿಲಿಮೀಟರಿನ ಸೀಸದ ಗುಳಿಗೆಯನ್ನು ಹತ್ತು ಮೀಟರು ದೂರದ ಗುರಿಗೆ ತಳ್ಳುತ್ತದೆ. ಆ ಗುರಿಯ ನಟ್ಟನಡುವಿನ ಹತ್ತು ಅಂಕದ ವೃತ್ತದ ಅಗಲ ೧೧.೫ ಮಿಲಿಮೀಟರು, ಎಂದರೆ ಅಂಗಿಯ ಗುಂಡಿಯಷ್ಟು. ಒಂದು ಕೈಯನ್ನು ಜೇಬಿನಲ್ಲಿಟ್ಟು, ಇನ್ನೊಂದನ್ನು ಚಾಚಿ, ಎಪ್ಪತ್ತೈದು ನಿಮಿಷಗಳೊಳಗೆ ಅರವತ್ತು ಸಲ ಆ ಗುಂಡಿಯನ್ನು ಹೊಡೆಯಬೇಕು. ಇದು ತಪಸ್ಸೇ ಹೊರತು ಯುದ್ಧವಲ್ಲವೆಂದು ನಾನು ನೆಂಟರಿಗೆ ಹೇಳಿ ಹೇಳಿ ಸೋತಿದ್ದೇನೆ.

ಹುಡುಗಿಗೆ ಹದಿನೈದು ತುಂಬಿದಾಗ, ಆಟವನ್ನು ಬಿಟ್ಟ ಹಿರಿಯರೊಬ್ಬರಿಂದ ಆಸ್ಟ್ರಿಯಾ ದೇಶದಲ್ಲಿ ತಯಾರಾದ ಪಿಸ್ತೂಲೊಂದನ್ನು ಕೊಂಡೆವು. ಕಾರ್ಖಾನೆಯಿಂದ ಬಂದ ಹಾಗೆಯೇ ಇತ್ತು; ಒಂದು ತಿರುಪನ್ನೂ ಬದಲಿಸಿರಲಿಲ್ಲ. ಮೂರು ತಿಂಗಳು ಕಳೆದರೂ ಅವಳ ಗುಳಿಗೆಗಳು ಎಡಕ್ಕೆ, ಎಂಟರ ವೃತ್ತದ ಕಡೆಗೆ, ಒಂದರ ಪಕ್ಕದಲ್ಲೊಂದು ಹೋಗಿ ಕೂರುತ್ತಿದ್ದುವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಎಲ್ಲದಕ್ಕೂ ಕಾರಣ ಕಂಡುಹಿಡಿಯುವ ಚಟ ನನ್ನನ್ನು ಬಿಟ್ಟಿಲ್ಲ. ಕುದುರೆಯು ಬಿಗಿಯಾಗಿರುವುದರಿಂದ ಮಗುವಿನ ಬೆರಳು ತಿಣುಕುತ್ತಿದೆ, ಅದೇ ಕಾರಣ, ಎಂದು ನಿಶ್ಚಯಿಸಿದೆ. ಟ್ರಿಗರ್ ಎಂದು ಮಕ್ಕಳು ಹೇಳುವುದನ್ನು ನಮ್ಮ ಹಳ್ಳಿಯಲ್ಲಿ ಕುದುರೆಯೆಂದೇ ಕರೆಯುತ್ತಿದ್ದರು; ನಾನೂ ಹಾಗೆಯೇ ಕರೆಯುತ್ತೇನೆ.

ಅಂಗಡಿಯವನೊಬ್ಬನು ಬೇರೆಯವರು ತಯಾರಿಸಿದ ಮೆತ್ತನೆಯ ಸ್ಪ್ರಿಂಗೊಂದನ್ನು ತೋರಿಸಿ, ಇದನ್ನು ಹಾಕಿದರೆ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಹೋಗುವುದೆಂದನು. ಆ ಉಪಮೆಗೇ ನಾನು ಮರುಳಾದೆನೆಂದು ಕಾಣುತ್ತದೆ. ಒಂದು ರಾತ್ರಿ ಅವಳು ಮಲಗಿದ ಮೇಲೆ ನಾನೇ ಬಿಚ್ಚಿ ಅದನ್ನು ಹಾಕಿ, ಮೂಲದ ಸ್ಪ್ರಿಂಗನ್ನು ನನ್ನಾಕೆಯ ಹೊಲಿಗೆ ಯಂತ್ರದ ಸೆಳೆಖಾನೆಯಲ್ಲಿಟ್ಟೆ. ಮರುದಿನ ಅವಳು ಹಾರಿಸಿ ನೋಡಿ, “ಹಗುರವಾಗಿದೆ ಅಪ್ಪಾ” ಎಂದಳು. ಅದನ್ನು ಹೊಗಳಿಕೆಯೆಂದು ತಿಳಿದೆ.

ಸ್ಪರ್ಧೆಯ ದಿನ ಬೆಳಗ್ಗೆ ಆಯುಧದ ಪರೀಕ್ಷೆ ನಡೆಯಿತು. ಪಿಸ್ತೂಲು ೧೫೦೦ ಗ್ರಾಮಿಗಿಂತ ಭಾರವಾಗಿರಬಾರದು. ೪೨೦ ಮಿಲಿಮೀಟರು ಉದ್ದ, ೨೦೦ ಎತ್ತರ, ೫೦ ಅಗಲದ ಪೆಟ್ಟಿಗೆಯೊಳಗೆ ಹಿಡಿಸಬೇಕು. ಇವೆರಡರಲ್ಲಿಯೂ ನಾವು ಗೆದ್ದೆವು. ಆಮೇಲೆ ನಳಿಗೆಯನ್ನು ಮೇಲ್ಮುಖವಾಗಿ ನೆಟ್ಟಗೆ ನಿಲ್ಲಿಸಿ, ಕುದುರೆಗೆ ೫೦೦ ಗ್ರಾಮಿನ ತೂಕವನ್ನು ಸಿಕ್ಕಿಸಿ ಮೇಲೆತ್ತಿದರು. ತೂಕವು ನೆಲ ಬಿಟ್ಟೇಳುವಾಗ ಕುದುರೆ ಕಳಚದೆ ಅದನ್ನು ಹೊರಬೇಕು. ಟಿಕ್ ಎಂದಿತು. ಎರಡನೆಯ ಸಲವೂ, ಮೂರನೆಯ ಸಲವೂ ಟಿಕ್ ಎಂದಿತು. ತಿರುಪನ್ನು ಕಡೆಯವರೆಗೆ ಬಿಗಿದರೂ ಆ ಮೆತ್ತನೆಯ ಸ್ಪ್ರಿಂಗಿಗೆ ಅಷ್ಟು ಭಾರವನ್ನು ತಾಳುವ ಶಕ್ತಿಯೇ ಇರಲಿಲ್ಲ. ಮಗಳು ನನ್ನ ಕಡೆ ತಿರುಗಿ, “ಹಳೆಯದು ಎಲ್ಲಿದೆ?” ಎಂದಳು. ಅವಳಿಗೆ ಎಲ್ಲವೂ ಅರ್ಥವಾಗಿತ್ತು.

ನಾನು ಆಟೋ ಹತ್ತಿ ಬಸವನಗುಡಿಗೆ ಹೋಗಿ ಬಂದ ಆ ಪ್ರಯಾಣವನ್ನು ವರ್ಣಿಸಲಾರೆ. ನೂಲಿನ ಉಂಡೆ, ಗುಂಡಿ, ಕತ್ತರಿಗಳ ನಡುವೆ ಆ ಚಿಕ್ಕ ಉಕ್ಕಿನ ಸುರುಳಿಯನ್ನು ಹುಡುಕುವಾಗ ಕೈ ನಡುಗುತ್ತಿತ್ತು. ಹಿಂದಿರುಗಿ, ಅದನ್ನು ಹಾಕಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಹೊತ್ತಿಗೆ, ಅಭ್ಯಾಸದ ಹೊಡೆತಗಳಿಗೆಂದು ಕೊಡುವ ಹದಿನೈದು ನಿಮಿಷಗಳಲ್ಲಿ ಮೂರೇ ಉಳಿದಿದ್ದುವು. ಮುಂದಿನ ಹಂತಕ್ಕೆ ಬೇಕಾದ ಅಂಕಗಳಿಗೆ ಅವಳಿಗೆ ನಾಲ್ಕು ಕಡಮೆಯಾದುವು. ಅವಳು ಅಳಲಿಲ್ಲ. ದಾರಿಯುದ್ದಕ್ಕೂ ಮಾತನಾಡದೆ ಬಂದು, ಮನೆಯ ಹೊಸ್ತಿಲಲ್ಲಿ ನಿಂತು, “ಇನ್ನು ಮೇಲೆ ನನ್ನನ್ನು ಕೇಳದೆ ಅದನ್ನು ಮುಟ್ಟಬೇಡಪ್ಪ” ಎಂದು ಹೇಳಿ ಒಳಗೆ ಹೋದಳು.

೨೦೨೧ರ ಜುಲೈ ೨೫ರಂದು ತೋಕಿಯೋ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೆಟ್ಟು, ಅದರ ದುರಸ್ತಿಯಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದು, ೫೭೫ ಅಂಕಗಳೊಡನೆ ಅವರು ೧೨ನೆಯವರಾದ ಸಂಗತಿಯನ್ನು ವಾಚಕರು ಬಲ್ಲರು. ೨೦೨೪ರಲ್ಲಿ ಪ್ಯಾರಿಸ್ಸಿನಲ್ಲಿ ಆಕೆ ಎರಡು ಕಂಚಿನ ಪದಕಗಳನ್ನು ಪಡೆದರು. ಈ ಕಥೆಯನ್ನು ಹೇಳಿ ಮಗಳನ್ನು ಸಮಾಧಾನಪಡಿಸಲು ಹೋದೆ. “ಅವರ ಅಪ್ಪ ಸ್ಪ್ರಿಂಗ್ ಬದಲಿಸಿರಲಿಲ್ಲ” ಎಂದಳು. ನಾನು ಸುಮ್ಮನಾದೆ.

ಅವಳ ಗುರುಗಳು ಕೈಯನ್ನು ಹತ್ತಿರದಿಂದ ನೋಡಿ ನಿಜವಾದ ದೋಷವನ್ನು ತೋರಿಸಿಕೊಟ್ಟರು. ಕುದುರೆಯಲ್ಲಿ ತಪ್ಪಿಲ್ಲ, ಹಿಡಿಯು ದಪ್ಪ. ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗವು ಕುದುರೆಯ ಮೇಲೆ ಕೂರಬೇಕಾದಲ್ಲಿ ಬರಿಯ ತುದಿ ಮಾತ್ರ ತಾಕುತ್ತಿತ್ತು. ಆದ್ದರಿಂದ ಹಿಂದಕ್ಕೆ ಎಳೆಯುವ ಬದಲು ಅವಳು ಎಡಕ್ಕೆ ತಳ್ಳುತ್ತಿದ್ದಳು. ಕುದುರೆಯನ್ನು ಹಿಂದಕ್ಕೂ ಮುಂದಕ್ಕೂ ಸರಿಸುವ ತಿರುಪನ್ನು ಕಾರ್ಖಾನೆಯವರೇ ಇಟ್ಟಿರುತ್ತಾರೆ. ಪೂರ್ತಿ ಹಿಂದಕ್ಕೆ ಸರಿಸಿದರೂ ಸ್ವಲ್ಪ ಸಾಲದೆ ಹೋಯಿತು.

ಜರ್ಮನಿಯಲ್ಲಿ ಅಂಗೈಯ ಅಳತೆಗೆ ಸರಿಯಾಗಿ ಅಕ್ರೋಟು ಮರದ ಹಿಡಿಗಳನ್ನು ಮಾಡಿಕೊಡುವವರಿದ್ದಾರೆ. ಕೈಯನ್ನು ಕಾಗದದ ಮೇಲಿಟ್ಟು ಸುತ್ತಲೂ ಗೆರೆಯೆಳೆದು ಕಳುಹಿಸಬೇಕು. ಬೆಲೆಯನ್ನೂ ಸುಂಕವನ್ನೂ ಕೂಡಿಸಿ ನೋಡಿ ನಾನು ಕನ್ನಡಕ ತೆಗೆದಿಟ್ಟೆ. ನನ್ನಾಕೆ, “ಒಂದು ಬಳೆ ಮಾರಿದರಾಯಿತು, ತರಿಸಿಬಿಡಿ” ಎಂದಳು. ಮಾಡಿದ ತಪ್ಪಿಗೆ ದಂಡ ತೆತ್ತಂತಾಗುವುದೆಂದು ನಾನೂ ಒಪ್ಪಿದೆ. ಒಪ್ಪದವಳು ಮಗಳು. “ಕಳೆದ ವರ್ಷದ ಚಪ್ಪಲಿ ಈಗ ನನ್ನ ಕಾಲಿಗೆ ಹಿಡಿಸುವುದಿಲ್ಲ. ಕೈ ಮಾತ್ರ ಹಾಗೆಯೇ ಇರುತ್ತದೆಯೆ? ಬಳೆಯಂತೂ ಬೇಡ” ಎಂದಳು.

ನಮ್ಮ ಬೀದಿಯ ಕೊನೆಯಲ್ಲಿ ದೇವರ ಮಂಟಪಗಳನ್ನು ಕೆತ್ತುವ ಆಚಾರ್ಯರೊಬ್ಬರಿದ್ದಾರೆ. ಮಗಳು ಹಿಡಿಯನ್ನು ಮಾತ್ರ ಪಿಸ್ತೂಲಿನಿಂದ ಬಿಚ್ಚಿಕೊಂಡು ಅವರಲ್ಲಿಗೆ ಹೋದಳು. ಮುದುಕರು ಅವಳ ಅಂಗೈಗೆ ಸುಣ್ಣದ ಪುಡಿ ಸವರಿ, ಹಿಡಿಯನ್ನು ಹಿಡಿಸಿ, ಎಲ್ಲೆಲ್ಲಿ ಬಿಳುಪು ಅಂಟಿತೋ ಅಲ್ಲಲ್ಲಿ ಅರದಿಂದ ಉಜ್ಜಿದರು. ಎರಡು ಸಲ ಉಜ್ಜಿ ನಿಲ್ಲಿಸುವರು. ಮತ್ತೆ ಹಿಡಿ, ಮತ್ತೆ ನೋಡು. ತೆಗೆದ ಮರವನ್ನು ಮತ್ತೆ ಬೆಳೆಸಲು ತಮ್ಮಿಂದಾಗದೆಂದು ಅವರ ಮಾತು. ಹೆಬ್ಬೆರಳಿನ ಬುಡದಲ್ಲಿ ಟೊಳ್ಳಾಗಿ ಉಳಿದ ಕಡೆ ಗರಗಸದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಿದರು. ಹೀಗೆ ನಾಲ್ಕು ಸಂಜೆ ನಡೆಯಿತು. ಒಂದು ಅಚಾತುರ್ಯವೂ ಆಯಿತು: ಅಂಗೈ ಒರಗುವ ಹಲಗೆಯ ಅಂಚು ಕೈಗೆ ಹಿತವಾಗಲೆಂದು ಅವರು ತಾವಾಗಿಯೇ ಒಂದಿಷ್ಟು ಮೇಲಕ್ಕೆ ಬಾಗಿಸಿ ಮರ ಕೂಡಿಸಿದ್ದರು. ನಿಯಮದಂತೆ ಅಂಚು ಮೇಲಕ್ಕೆ ಬಾಗಕೂಡದು, ಹಿಡಿಯು ಕೈಯನ್ನು ಸುತ್ತುವರಿಯಕೂಡದು, ಮಣಿಕಟ್ಟು ಬಿಡಿಯಾಗಿರಬೇಕು. ಮಗಳು ನಿಯಮವನ್ನು ತಿಳಿಸಿದಾಗ, “ಹಿತವಾಗಿರುವುದೂ ತಪ್ಪೇ ಮಗೂ?” ಎಂದು ನಿಟ್ಟುಸಿರಿಟ್ಟು ಅದನ್ನು ಅರೆದು ಹಾಕಿದರು. ಪಕ್ಕದಲ್ಲಿ ಒಂದು ಆನೆಯನ್ನು ಕೆತ್ತಿಕೊಡುವೆನೆಂದ ಅವರನ್ನು ತಡೆಯುವುದು ಇನ್ನೂ ಕಷ್ಟವಾಯಿತು.

ಉಳಿಸಿದ ಹಣದಲ್ಲಿ ಒಂದು ವಸ್ತುವನ್ನು ಮಾತ್ರ ಹೊಸದಾಗಿ ಕೊಂಡೆವು, ಗಾಳಿಯ ಸಿಲಿಂಡರು. ಹಳೆಯದರ ಮೇಲೆ ಅಚ್ಚಾಗಿದ್ದ ತಾರೀಖಿಗೆ ಹತ್ತು ವರ್ಷ ತುಂಬುತ್ತಲಿತ್ತು. ಇನ್ನೂರು ಬಾರಿನ ಒತ್ತಡವನ್ನು ಮಗುವಿನ ಮುಖದ ಮುಂದೆ ಹಿಡಿದಿಡುವ ಪಾತ್ರೆಯಲ್ಲಿ ಅಗ್ಗದ ವಿಚಾರ ಸಲ್ಲದೆಂದು, ಪಿಸ್ತೂಲನ್ನು ಮಾಡಿದವರದನ್ನೇ ತರಿಸಿದೆ. ತರಿಸುವ ಮುನ್ನ ಮಗಳನ್ನು ಕೇಳಿದೆ.

ಈಗ ಗುಳಿಗೆಗಳು ನಡುವಿಗೆ ಬಂದಿವೆ. ದಣಿದಾಗ ಕೆಳಕ್ಕೆ ಇಳಿಯುತ್ತವೆ, ಅದು ಬೇರೆಯ ಮಾತು. ಆ ಮೆತ್ತನೆಯ ಸ್ಪ್ರಿಂಗನ್ನು ಎಸೆಯಲು ಹೋದಾಗ ಮಗಳು ಬಿಡಲಿಲ್ಲ. ಅದನ್ನು ದಾರದಲ್ಲಿ ಪೋಣಿಸಿ ಪಿಸ್ತೂಲಿನ ಪೆಟ್ಟಿಗೆಯ ಬೀಗದ ಕೈಗೆ ಕಟ್ಟಿದ್ದಾಳೆ. ಬೀಗದ ಕೈ ಅವಳ ಬಳಿಯೇ ಇದೆ.