ಜಾವಾದ ಹೆಡ್ಡು, ಮಾವನ ಮಸಿ

ಹಳೇ ಬೈಕು ಇಟ್ಟುಕೊಂಡವರ ಭಾನುವಾರವೇ ಬೇರೆ. ಊರೆಲ್ಲ ಮಸಾಲೆ ದೋಸೆಗೆ ಸಾಲು ನಿಂತಿರುವ ಹೊತ್ತಿನಲ್ಲಿ ಅವರು ಸೀಮೆಎಣ್ಣೆ ಡಬ್ಬಿಯಲ್ಲಿ ನಟ್ಟು ಬೋಲ್ಟು ನೆನೆಹಾಕಿ ಕೂತಿರುತ್ತಾರೆ. ಸೋದರಮಾವನ ಜಾವಾ 250 ನನ್ನ ಪಾಲಿಗೆ ಬಂದ ಮೇಲೆ ನಾನೂ ಆ ಪಂಗಡಕ್ಕೆ ಸೇರಿದೆ. ಮಿಕ್ಕವರಿಗೆ ಸೈಟು, ಗದ್ದೆ ಸಿಕ್ಕವು. ನನಗೆ ಮೆರೂನ್ ಟ್ಯಾಂಕು, ಅದರ ಕೆಳಗೆ ಕೆಮ್ಮುವ ಎಂಜಿನ್ನು.

ಇತ್ತೀಚೆಗೆ ಆ ಕೆಮ್ಮು ಜೋರಾಗಿತ್ತು. ಚಾಮುಂಡಿಬೆಟ್ಟದ ಏರಿನಲ್ಲಿ ಟಕಟಕ ಸದ್ದು. ಕೀ ತೆಗೆದರೂ ಎಂಜಿನ್ನು ತನ್ನಿಷ್ಟ ಬಂದಷ್ಟು ಹೊತ್ತು ಓಡಿ ನಿಲ್ಲುತ್ತಿತ್ತು. ಮೈಸೂರಿನ ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ ದುಡಿದು ಈಗ ಮನೆಯಂಗಳದಲ್ಲೇ ರಿಪೇರಿ ಮಾಡುವ ಮೇಸ್ತ್ರಿ ಕೇಳಿಸಿಕೊಂಡು, "ಮಸಿ ಕಟ್ಟಿದೆ ಸಾರ್, ಹೆಡ್ ಬಿಚ್ಬೇಕು" ಅಂದರು.

ಬುಲೆಟ್ಟಿನ ಹೆಡ್ಡಿನಲ್ಲಿ ವಾಲ್ವು, ಸ್ಪ್ರಿಂಗು, ರಾಕರ್ರು ಎಂದು ದೊಡ್ಡ ಸಂಸಾರವೇ ಇರುತ್ತದೆ. ಟೂ-ಸ್ಟ್ರೋಕ್ ಜಾವಾದ್ದು ಸಿಲಿಂಡರಿನ ಮೇಲೆ ಕೂರುವ ಬರೀ ಅಲ್ಯೂಮಿನಿಯಂ ಮುಚ್ಚಳ. ಪ್ಲಗ್ ಕೂರುವ ತೂತು ಬಿಟ್ಟರೆ ಒಳಗೆ ಏನೂ ಇಲ್ಲ. ಪೆಟ್ರೋಲು ಒಳಬರುವುದೂ ಹೊಗೆ ಹೊರಹೋಗುವುದೂ ಸಿಲಿಂಡರ್ ಗೋಡೆಯ ಕಿಂಡಿಗಳಲ್ಲಿ. ಅವನ್ನು ಮುಚ್ಚಿ ತೆರೆಯುವ ಚಾಕರಿ ಪಿಸ್ಟನ್ನಿನದು. ಹಾಗಾಗಿ ಇಲ್ಲಿ ಓವರ್‌ಹಾಲ್ ಎಂದರೆ ಮುಖ್ಯವಾಗಿ ಮಸಿ ಕೆರೆಯುವುದು. ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಬಂಡಿ ಇದು. ಅರೆಬರೆ ಸುಟ್ಟ ಎಣ್ಣೆ ಹೆಡ್ಡಿನ ಒಳಮೈಗೂ ಪಿಸ್ಟನ್ನಿನ ನೆತ್ತಿಗೂ ಗಟ್ಟಿಯಾಗಿ ಮೆತ್ತಿಕೊಳ್ಳುತ್ತದೆ. ಅದು ಕಾದು ಕೆಂಪಾದರೆ ಪ್ಲಗ್ಗಿನ ಕಿಡಿಗೆ ಕಾಯದೆ ತಾನೇ ಬೆಂಕಿ ಹೊತ್ತಿಸುತ್ತದೆ. ಲೀಟರಿಗೆ 40 ಮಿಲಿಯಷ್ಟು ಎಣ್ಣೆ ಸಾಕು. ಮಾವ ಮಾತ್ರ ಪ್ರೀತಿ ಹೆಚ್ಚಾಗಿ ಇನ್ನೊಂದು ಮುಚ್ಚಳ ಸುರಿಯುತ್ತಿದ್ದರು. ಆ ಪ್ರೀತಿಯೇ ಒಳಗೆ ಕೂತಿತ್ತು.

ಮೇಸ್ತ್ರಿ ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟರು. ಆಮೇಲೆ ನಟ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿದರು. ಒಂದೇ ಬದಿ ಬಿಚ್ಚಿದರೆ ಹೆಡ್ಡು ಸೊಟ್ಟಗಾಗುವ ಭಯ. ಮೇಲೆತ್ತಿದರೆ ತಳ ಹಿಡಿದ ಪಾಯಸದ ಪಾತ್ರೆ! "ಸ್ಕ್ರೂಡ್ರೈವರ್ ಮುಟ್ಬೇಡಿ ಸಾರ್, ಗೀರು ಬಿದ್ದ ಕಡೆ ಮಸಿ ಬೇಗ ಹಿಡಿಯತ್ತೆ" ಎಂದು ಚಪ್ಪಟೆಯಾಗಿ ಹೆರೆದ ಬಿದಿರು ಕಡ್ಡಿ ಕೊಟ್ಟರು. ಸೀಮೆಎಣ್ಣೆ ಸವರಿ ಕೆರೆಯುತ್ತ ಹೋದಂತೆ ಕಪ್ಪು ಪದರ ಚಕ್ಕೆಚಕ್ಕೆಯಾಗಿ ಎದ್ದು, ಅಡಿಯಿಂದ ಬೂದು ಲೋಹ ಇಣುಕಿತು.

ಕೈ ಕೆಲಸದಲ್ಲಿದ್ದಾಗ ಮಾತು ಕಾರ್ಖಾನೆಗೆ ಹೋಯಿತು. 1929ರಲ್ಲಿ ಪ್ರಾಗ್‌ನಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಶುರುಮಾಡಿದ ಬೈಕು ಮೈಸೂರಿಗೆ ಬಂದದ್ದು ರುಸ್ತುಂ ಇರಾನಿಯವರಿಂದ. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. 1973ರಿಂದ ಬಂಡಿಯ ಹೆಸರು ಯೆಜ್ಡಿ ಆಯಿತು. ಗೇರ್ ಲಿವರನ್ನೇ ಒತ್ತಿ ತಿರುಗಿಸಿ ಕಿಕ್ಕರ್ ಮಾಡಿಕೊಳ್ಳುವ ಸೋಜಿಗ ಹಾಗೇ ಉಳಿಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಕಾರ್ಖಾನೆ ನಿಂತರೂ ಬಂಡಿಗಳು ನಿಲ್ಲಲಿಲ್ಲ. ಅದಕ್ಕೆ ಕಾರಣ ಆ ಖಾಲಿ ಹೆಡ್ಡು ಎಂದೇ ನನಗನಿಸುತ್ತದೆ. ನಾಲ್ಕು ಸ್ಪ್ಯಾನರ್, ಒಂದು ಬಿದಿರು ಕಡ್ಡಿ ಇರುವ ಯಾವ ಗಲ್ಲಿಯಲ್ಲೂ ಅದಕ್ಕೆ ವೈದ್ಯ ಸಿಗುತ್ತಿದ್ದ. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ರಸ್ತೆಗಿಳಿಯಿತು, ಫೋರ್-ಸ್ಟ್ರೋಕ್ ಎಂಜಿನ್ನಿನೊಂದಿಗೆ. ಅದರ ಹೊಗೆ ಕಡಿಮೆ, ಹಳೆಯದರ ಹೊಗೆಯನ್ನು ಸಮರ್ಥಿಸಲು ನನಗೂ ಬಾಯಿಲ್ಲ. ಆದರೆ ಹೊಸದರ ಹೆಡ್ಡು ಬಿಚ್ಚಿಕೊಂಡು ಅಂಗಳದಲ್ಲಿ ಕೂರುವ ಧೈರ್ಯ ನನಗಂತೂ ಇಲ್ಲ.

ಕೊನೆಗೆ ಹೊಸ ಗ್ಯಾಸ್ಕೆಟ್ ಕೂರಿಸಿ, ನಟ್ಟುಗಳನ್ನು ಮತ್ತೆ ಮೂಲೆಯಿಂದ ಮೂಲೆಗೆ ಬಿಗಿದದ್ದಾಯಿತು. ಪ್ಲಗ್ಗನ್ನು ಮೊದಲು ಬರಿಗೈಯಲ್ಲೇ ತಿರುಗಿಸಿದರು. ಥ್ರೆಡ್ ಹೋದರೆ ಕಷ್ಟ. ಏರಿನ ಟಕಟಕ ಹೋಯಿತು, ಕೀ ತೆಗೆದರೆ ಎಂಜಿನ್ನು ಮಾತು ಕೇಳುತ್ತದೆ.

ನಿಮ್ಮ ಮನೆಯ ಶೆಡ್ಡಿನಲ್ಲೂ ಒಂದು ಜಾವಾ ಧೂಳು ಹೊದ್ದು ನಿಂತಿದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಒಮ್ಮೆ ಹೆಡ್ಡು ಬಿಚ್ಚಿಸಿ ನೋಡಿ. ಎಣ್ಣೆಯನ್ನು ಮಾತ್ರ ಅಳೆದು ಹಾಕಿ. ಪ್ರೀತಿಯನ್ನು ಬೇರೆ ಕಡೆ ತೋರಿಸಿ.