ಬ್ರೂಜ್‌ನಲ್ಲಿ ಎರಡು ರಾತ್ರಿ

ಬೆಲ್ಜಿಯಂನ ಬ್ರೂಜ್ ನೋಡಲು ಹೋಗುವವರಲ್ಲಿ ಬಹುಪಾಲು ಮಂದಿ ಅಲ್ಲಿ ರಾತ್ರಿ ತಂಗುವುದೇ ಇಲ್ಲ. ಬ್ರಸೆಲ್ಸ್‌ನಿಂದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಬೆಳಿಗ್ಗೆ ಬಂದು, ಕಾಲುವೆಯಲ್ಲಿ ಅರ್ಧ ಗಂಟೆ ದೋಣಿ ಸುತ್ತಿ, ವಾಫಲ್ ತಿಂದು, ಚಾಕೊಲೆಟ್ ಕಟ್ಟಿಸಿಕೊಂಡು ಸಂಜೆಗೆ ಮರಳುತ್ತಾರೆ. ಜೀಬ್ರೂಜ್ ಬಂದರಿನ ವಿಹಾರ ಹಡಗುಗಳಿಂದ ಇಳಿದು ಬಂದವರಿಗೆ ಅಷ್ಟು ಪುರುಸೊತ್ತೂ ಇರುವುದಿಲ್ಲ. ನೂಕುನುಗ್ಗಲು ಎಷ್ಟಾಯಿತೆಂದರೆ 2019ರಲ್ಲಿ ಊರಿನ ಮೇಯರ್ ಡಿರ್ಕ್ ಡೆ ಫಾವ್, ಒಂದು ಹೊತ್ತಿಗೆ ಎರಡಕ್ಕಿಂತ ಹೆಚ್ಚು ವಿಹಾರ ಹಡಗು ಬೇಡ, ಒಂದು ದಿನದ ಪ್ರವಾಸಕ್ಕೆ ಜಾಹೀರಾತೂ ಬೇಡ ಎಂದು ಸಾರಿದರು. ಉಳಿದು ನೋಡುವವರು ಬರಲಿ ಎಂಬುದು ಊರಿನ ಆಸೆ. ಜೋಡಿಯಾಗಿ ಹೋಗುವವರಿಗೂ ಇದೇ ಸರಿ. ಶುಕ್ರವಾರ ಸಂಜೆ ತಲುಪಿ ಭಾನುವಾರ ಸಂಜೆ ಹೊರಡಬೇಕು.

ನಾನೂ ನನ್ನ ಹೆಂಡತಿಯೂ ಹೊರಟದ್ದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಿಂದ. ಚಿಪ್ ತಯಾರಿಸುವ ಯಂತ್ರಗಳ ಉದ್ಯಮಕ್ಕೆ ಹೆಸರಾದ ಆ ಸೀಮೆಯಲ್ಲಿ ಬೆಂಗಳೂರು, ಮೈಸೂರು ಕಡೆಯ ಎಂಜಿನಿಯರುಗಳು ಸಾಕಷ್ಟಿದ್ದಾರೆ; ನನ್ನ ತಮ್ಮನೂ ಅವರಲ್ಲೊಬ್ಬ. ಷೆಂಗನ್ ವೀಸಾ ಕೈಯಲ್ಲಿದ್ದರೆ ಬೆಲ್ಜಿಯಂಗೆ ಬೇರೆ ವೀಸಾ ಬೇಡ, ದಾರಿಯಲ್ಲಿ ರೈಲು ಬದಲಿಸಿದರಾಯಿತು. ತಿಂಗಳು ಆರಿಸುವಾಗ ಮಾತ್ರ ಮನೆಯಲ್ಲಿ ಸಾಕಷ್ಟು ಚರ್ಚೆ ನಡೆಯಿತು. ಜುಲೈ, ಆಗಸ್ಟ್‌ನಲ್ಲಿ ಕತ್ತಲಾಗುವುದು ತಡ, ಆದರೆ ಬೀದಿಯಲ್ಲಿ ಭುಜಕ್ಕೆ ಭುಜ ತಾಗುತ್ತದೆ. ಡಿಸೆಂಬರ್‌ನ ಕ್ರಿಸ್‌ಮಸ್ ಸಂತೆ ಚೆನ್ನ, ಆದರೆ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ದೋಣಿಗಳು ಓಡುವುದು ಸಾಮಾನ್ಯವಾಗಿ ಮಾರ್ಚ್‌ನಿಂದ ನವೆಂಬರ್ ನಡುವಿನವರೆಗೆ. ಕೊನೆಗೆ ಏಪ್ರಿಲ್ ಗೆದ್ದಿತು. ಚಳಿ ಪೂರ್ತಿ ಹೋಗಿರುವುದಿಲ್ಲ; ಎಂಟು ಗಂಟೆಯವರೆಗೂ ಬೆಳಕಿರುತ್ತದೆ, ಡ್ಯಾಫೊಡಿಲ್ ಹೂಬಿಡುವ ಕಾಲವೂ ಹೌದು.

ಕೋಣೆ ಹಿಡಿಯುವಾಗ ಒಂದೇ ನಿಯಮ ಪಾಲಿಸಿದರೆ ಸಾಕು. ಹಳೆಯ ಊರು ಮೊಟ್ಟೆಯಾಕಾರದ್ದು, ಸುತ್ತಲೂ ನೀರು. ಆ ಸುತ್ತಿನ ಒಳಗೇ ಉಳಿಯಬೇಕು. ಊರ ನಡುವಿನ ಮಾರ್ಕ್ಟ್ ಚೌಕದ ಪಕ್ಕದಲ್ಲೇ ಬೇಕೆಂದಿಲ್ಲ. ಪೂರ್ವದ ಸಿಂತ್ ಆನಾ ಕೇರಿಯಲ್ಲಿ ಸಾಲುಮನೆಗಳ ನಡುವೆ ಸಣ್ಣ ಅತಿಥಿಗೃಹಗಳಿವೆ, ಗದ್ದಲ ಕಡಿಮೆ, ಚೌಕಕ್ಕೆ ನಡೆದು ಹೋಗುವಷ್ಟೇ ದೂರ. ನಾವು ಉಳಿದದ್ದು ಅಲ್ಲಿಯೇ.

ರೈಲು ನಿಲ್ದಾಣದಿಂದ ಟ್ಯಾಕ್ಸಿ ಹಿಡಿಯದೆ ನಡೆದರೆ ಮೊದಲು ಎದುರಾಗುವುದು ಮಿನ್ನೆವಾಟರ್. ಪ್ರವಾಸಿ ಪುಸ್ತಕಗಳು ಇದನ್ನು ಪ್ರೇಮ ಸರೋವರ ಎಂದೇ ಕರೆಯುತ್ತವೆ. ಮಿನ್ನಾ ಎಂಬ ಹುಡುಗಿ ಅಪ್ಪ ಗೊತ್ತುಮಾಡಿದ ಮದುವೆ ಒಲ್ಲದೆ ಕಾಡಿಗೆ ಓಡಿಹೋಗಿ, ಪ್ರಿಯಕರ ಸ್ಟ್ರೋಂಬರ್ಗ್ ಬಂದು ಸೇರುವಷ್ಟರಲ್ಲಿ ಬಳಲಿ ಪ್ರಾಣಬಿಟ್ಟಳೆಂದು ಕತೆ. ಸೇತುವೆಯ ಮೇಲೆ ನಿಂತ ಜೋಡಿಗಳು ಇದನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ನಿಜದಲ್ಲಿ ಇದು ಗೆಂಟ್ ಊರಿಗೆ ಓಡಾಡುತ್ತಿದ್ದ ಸರಕು ದೋಣಿಗಳ ತಂಗುದಾಣವಾಗಿತ್ತು. ದಡದಲ್ಲಿರುವ ಮದ್ದಿನ ಗೋಪುರ 1398ರದು. ಈ ಊರಿನಲ್ಲಿ ಹೆಸರು, ತಾರೀಖು ಸಮೇತ ದಾಖಲಾದ ಗಂಡಹೆಂಡಿರ ಕತೆಗಳೇ ಬೇಕಾದಷ್ಟಿರುವಾಗ ಮಿನ್ನಾಳ ಕತೆಗೆ ಯಾಕೆ ಇಷ್ಟು ಮಾನ್ಯತೆ ಎಂದು ನನಗೆ ಅನ್ನಿಸಿತು. ನಮ್ಮ ವಾರಾಂತ್ಯವನ್ನು ನಾವು ಹೆಣೆದದ್ದು ಆ ದಾಖಲಾದ ಜೋಡಿಗಳ ಜಾಡಿನಲ್ಲಿ.

ಸರೋವರದ ಪಕ್ಕದಲ್ಲೇ ಬೆಗೈನ್‌ಹೋಫ್, ಅಂದರೆ ಬೆಗೈನರ ಆವರಣ. 1245ರಲ್ಲಿ ಸ್ಥಾಪನೆಯಾದದ್ದು. ಬೆಗೈನರು ಸನ್ಯಾಸಿನಿಯರಲ್ಲ. ಮದುವೆಯಾಗದವರು, ಗಂಡ ಸತ್ತವರು ಒಟ್ಟಿಗೆ ಸೇರಿ, ದುಡಿದು ಉಣ್ಣುತ್ತಾ ದೇವರ ಧ್ಯಾನದಲ್ಲಿ ಬದುಕುತ್ತಿದ್ದ ಹೆಂಗಸರು. ಬೇಕೆನಿಸಿದರೆ ಹೊರಬಂದು ಮದುವೆಯಾಗುವ ಹಕ್ಕೂ ಅವರಿಗಿತ್ತು. ಈ ಪರಂಪರೆಯ ಕೊನೆಯವರೆಂದು ಹೆಸರಾದ ಮಾರ್ಸೆಲ್ಲಾ ಪಾಟಿನ್ ಹತ್ತಿರದ ಕೊರ್ಟ್ರೈಕ್‌ನಲ್ಲಿ ತೀರಿಕೊಂಡದ್ದು 2013ರಲ್ಲಿ. ಬ್ರೂಜ್‌ನ ಆವರಣದಲ್ಲಿ 1927ರಿಂದ ಬೆನೆಡಿಕ್ಟ್ ಪಂಥದ ಸನ್ಯಾಸಿನಿಯರಿದ್ದಾರೆ. ಎತ್ತರದ ಮರಗಳು, ಸುತ್ತ ಬಿಳಿ ಸುಣ್ಣದ ಮನೆಗಳು, ನೆಲದ ತುಂಬ ಹಳದಿ ಡ್ಯಾಫೊಡಿಲ್. ಮೌನವಾಗಿರಿ ಎಂದು ಬಾಗಿಲಲ್ಲೇ ಫಲಕವಿದೆ, ಎಲ್ಲರೂ ಪಾಲಿಸುತ್ತಾರೆ. ಸಂಜೆ ಬಾಗಿಲು ಬೇಗ ಮುಚ್ಚುವುದರಿಂದ ಶನಿವಾರ ಬೆಳಿಗ್ಗೆಯೇ ಇಲ್ಲಿಂದ ಶುರುಮಾಡುವುದು ಒಳ್ಳೆಯದು.

ಅಲ್ಲಿಂದ ನಡೆದು ಹೋದರೆ ಅವರ್ ಲೇಡಿ ಚರ್ಚು ಸಿಗುತ್ತದೆ. ಇಟ್ಟಿಗೆಯಲ್ಲೇ 115 ಮೀಟರ್ ಎತ್ತರಕ್ಕೆ ಎದ್ದ ಅದರ ಗೋಪುರ ಊರಿನ ಯಾವ ಮೂಲೆಯಿಂದಲೂ ಕಾಣುತ್ತದೆ. ಜನ ಬರುವುದು ಮೈಕೆಲೇಂಜೆಲೊ ಕೆತ್ತಿದ ಅಮೃತಶಿಲೆಯ ತಾಯಿಮಗುವಿಗಾಗಿ. ಬಟ್ಟೆ ವ್ಯಾಪಾರದ ಮೂಸ್ಕ್ರೋನ್ ಮನೆತನ ಕೊಂಡು ತಂದ ಈ ವಿಗ್ರಹವನ್ನು ಎರಡು ಸಲ ಹೊತ್ತೊಯ್ಯಲಾಗಿತ್ತು. 1794ರಲ್ಲಿ ಫ್ರೆಂಚರು, 1944ರಲ್ಲಿ ನಾಜಿ ಸೈನಿಕರು. ಎರಡನೆಯ ಸಲ ಅದು ಸಿಕ್ಕಿದ್ದು ಆಸ್ಟ್ರಿಯಾದ ಆಲ್ಟ್‌ಔಸೇ ಉಪ್ಪಿನ ಗಣಿಯೊಳಗೆ.

ನಾವು ಹೆಚ್ಚು ಹೊತ್ತು ನಿಂತದ್ದು ಮೇರಿಯ ಗೋರಿಯ ಮುಂದೆ. ಬರ್ಗಂಡಿ ರಾಜ್ಯದ ಒಬ್ಬಳೇ ವಾರಸುದಾರಳಾದ ಮೇರಿ 1477ರಲ್ಲಿ ಆಸ್ಟ್ರಿಯಾದ ಮ್ಯಾಕ್ಸಿಮಿಲಿಯನ್‌ನನ್ನು ಮದುವೆಯಾದಳು. ರಾಜಕೀಯಕ್ಕೆ ಕುದುರಿದ ಸಂಬಂಧ. ಅವನ ಮಾತು ಜರ್ಮನ್, ಇವಳದು ಫ್ರೆಂಚ್. ಒಬ್ಬರಿಗೊಬ್ಬರು ಭಾಷೆ ಕಲಿಸುತ್ತಾ ಹತ್ತಿರವಾದರಂತೆ. ವಧುವಿಗೆ ವಜ್ರದುಂಗುರ ತೊಡಿಸುವ ರೂಢಿಗೆ ಇವರ ಮದುವೆಯೇ ಮೊದಲೆಂದೂ ಹೇಳುತ್ತಾರೆ. ಐದು ವರ್ಷ ತುಂಬುವ ಮುಂಚೆ, 1482ರಲ್ಲಿ, ಗಿಡುಗದ ಬೇಟೆಗೆ ಹೋದ ಮೇರಿ ಕುದುರೆಯಿಂದ ಬಿದ್ದು ಸತ್ತಳು. ಆಗ ಅವಳಿಗೆ 25 ವರ್ಷ. ಹೊನ್ನಿನ ಲೇಪದ ಕಂಚಿನಲ್ಲಿ ಅವಳೂ ಅಪ್ಪ ಚಾರ್ಲ್ಸನೂ ಅಕ್ಕಪಕ್ಕ ಮಲಗಿದ್ದಾರೆ. ಮುಂದೆ ಸ್ಪೇನ್‌ನ ಕ್ಯಾಸ್ಟೀಲ್ ರಾಜ್ಯದ ದೊರೆಯಾಗಿ ಕಣ್ಮುಚ್ಚಿದ ಮಗ ಫಿಲಿಪ್‌ನ ಹೃದಯವನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು ತಂದು ತಾಯಿಯ ಗೋರಿಯೊಳಗೇ ಇರಿಸಿದರು.

ಮೇರಿ ಹೋದ ಮೇಲೆ ಊರಿಗೂ ಮ್ಯಾಕ್ಸಿಮಿಲಿಯನ್‌ಗೂ ಆಗಿಬರಲಿಲ್ಲ. 1488ರಲ್ಲಿ ಜನರೇ ದಂಗೆಯೆದ್ದು ಮಾರ್ಕ್ಟ್ ಚೌಕದ ಕ್ರಾನೆನ್‌ಬುರ್ಗ್ ಎಂಬ ಮನೆಯಲ್ಲಿ ಅವನನ್ನು ಸೆರೆ ಹಾಕಿದರು. ಅವನ ಆಪ್ತ ಪೀಟರ್ ಲಂಖಾಲ್ಸ್‌ನ ತಲೆ ಕಡಿದರು. ಆ ಆಪ್ತನ ಕುಲಲಾಂಛನದಲ್ಲಿ ಹಂಸವಿತ್ತು. ಅದಕ್ಕೇ ಊರು ಎಂದೆಂದಿಗೂ ಹಂಸ ಸಾಕಲಿ ಎಂದು ಮ್ಯಾಕ್ಸಿಮಿಲಿಯನ್ ದಂಡ ವಿಧಿಸಿದನೆಂಬುದು ಐತಿಹ್ಯ. ಮಿನ್ನೆವಾಟರ್ ದಡದಲ್ಲಿ ಜೋಡಿಗಳು ಫೋಟೊ ತೆಗೆಯುವ ಆ ಬಿಳಿ ಹಂಸಗಳ ಹಿಂದೆ ಹೀಗೊಂದು ಕೊಲೆಯ ಕತೆಯಿದೆ. ಕ್ರಾನೆನ್‌ಬುರ್ಗ್‌ನಲ್ಲಿ ಈಗ ಕೆಫೆ ನಡೆಯುತ್ತದೆ. ಎದುರಿಗೆ ಗಂಟೆಗೋಪುರ. 366 ಮೆಟ್ಟಿಲು, 83 ಮೀಟರ್, 47 ಗಂಟೆಗಳು. ಮೇಲೆ ಹೋಗುತ್ತಾ ಮೆಟ್ಟಿಲು ತೀರಾ ಕಿರಿದಾಗುತ್ತವೆ. ಮಂಡಿ ನೋವಿರುವವರು ಕೆಳಗೆ ಕೂತು ಗಂಟೆಗಳ ನಾದ ಕೇಳಿದರೂ ನಷ್ಟವಿಲ್ಲ.

ಶನಿವಾರ ಮಧ್ಯಾಹ್ನವನ್ನು ಖ್ರೂನಿಂಗೆ ವಸ್ತುಸಂಗ್ರಹಾಲಯಕ್ಕೆ ಮೀಸಲಿಡಿ. ಯಾನ್ ವಾನ್ ಐಕ್ ಈ ಊರಿನಲ್ಲೇ ಬಾಳಿ 1441ರಲ್ಲಿ ತೀರಿಕೊಂಡ ಚಿತ್ರಕಾರ. ಬರ್ಗಂಡಿಯ ಡ್ಯೂಕ್ ಫಿಲಿಪ್ ಪೋರ್ಚುಗಲ್‌ನ ಇಸಬೆಲ್ಲಾಳನ್ನು ವರಿಸುವ ಯೋಚನೆಯಲ್ಲಿದ್ದಾಗ, ಹೆಣ್ಣು ನೋಡಲು ಕಳಿಸಿದ ತಂಡದಲ್ಲಿ ವಾನ್ ಐಕ್‌ನೂ ಇದ್ದ. ಅವಳ ಭಾವಚಿತ್ರವನ್ನು ಎರಡು ಪ್ರತಿ ಬರೆದು, ಒಂದನ್ನು ಸಮುದ್ರದ ಮೇಲೆ, ಇನ್ನೊಂದನ್ನು ನೆಲದ ದಾರಿಯಲ್ಲಿ ಕಳಿಸಿದರು. ಒಂದು ಕಳೆದರೂ ಇನ್ನೊಂದು ತಲುಪಲಿ ಎಂಬ ಮುನ್ನೆಚ್ಚರಿಕೆ. 1430ರ ಜನವರಿಯಲ್ಲಿ ಮದುವೆಯಾಯಿತು, ಬ್ರೂಜ್‌ನಲ್ಲಿ ಔತಣಗಳು ನಡೆದವು. ಆ ಎರಡು ಚಿತ್ರಗಳೂ ಇಂದು ಉಳಿದಿಲ್ಲ.

ಉಳಿದಿರುವುದು ಅವನ ಸ್ವಂತ ಹೆಂಡತಿಯ ಚಿತ್ರ. ಸಣ್ಣದೊಂದು ಹಲಗೆ. ಕೆಂಪು ಉಣ್ಣೆಯ ನಿಲುವಂಗಿ, ಎರಡು ಕೊಂಬಿನಂತೆ ಎತ್ತಿ ಕಟ್ಟಿದ ಕೂದಲಿನ ಮೇಲೆ ಮಡಿಕೆ ಮಡಿಕೆಯ ಬಿಳಿ ವಸ್ತ್ರ, ಬಿಗಿದ ತುಟಿ. ಚೌಕಟ್ಟಿನ ಮೇಲಿನ ಬರಹ ಅವಳೇ ಆಡುವ ಮಾತಿನಂತಿದೆ: ಗಂಡ ತನ್ನನ್ನು 1439ರ ಜೂನ್ 17ರಂದು ಬರೆದು ಮುಗಿಸಿದನೆಂದೂ ತನಗೆ 33 ವರ್ಷವೆಂದೂ ಅವಳು ಹೇಳುತ್ತಾಳೆ. ಯಾರನ್ನೂ ಮೆಚ್ಚಿಸಲು ತಿದ್ದಿದ ಮುಖವಲ್ಲ ಅದು. ಮೂಗು ಉದ್ದ, ಹಣೆ ಅಗಲ. ನೋಟ ಮಾತ್ರ ನೆಟ್ಟಗೆ ಇತ್ತಲೇ. ‘ನಮ್ಮನ್ನಲ್ಲ ರೀ, ಗಂಡನ್ನ ನೋಡ್ತಾ ಕೂತಿದಾಳೆ’ ಎಂದಳು ನನ್ನಾಕೆ. ಆ ಮಾತು ಕೇಳಿದ ಮೇಲೆ ನನಗೆ ಬೇರೆ ರೀತಿ ನೋಡಲಾಗಲಿಲ್ಲ. ಕುಂಚ ಹಿಡಿದು ಎದುರಿಗಿದ್ದವನು ದಿನವೂ ಜೊತೆಯಲ್ಲಿ ಉಣ್ಣುವವನು ಎಂಬುದು ಆ ಕಣ್ಣಲ್ಲಿ ಸ್ಪಷ್ಟವಾಗಿದೆ. ಬ್ರೂಜ್‌ನ ಎಷ್ಟೇ ಪ್ರೇಮದ ತಾಣಗಳನ್ನು ಬಿಟ್ಟರೂ ಗಂಡಹೆಂಡತಿ ಈ ಒಂದು ಹಲಗೆಯ ಮುಂದೆ ಜೊತೆಯಾಗಿ ನಿಲ್ಲಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನೊಂದು ಜೋಡಿ ಸಿಂತ್ ಆನಾ ಕೇರಿಯ ಜೆರುಸಲೇಮ್ ಪ್ರಾರ್ಥನಾಮಂದಿರದಲ್ಲಿದೆ. ಜಿನೋವಾ ಮೂಲದ ಅಡೋರ್ನೆಸ್ ಮನೆತನ ಕಟ್ಟಿಸಿದ ಮಂದಿರ ಅದು. ಅನ್ಸೆಲ್ಮ್ ಅಡೋರ್ನೆಸ್ ಮತ್ತು ಹೆಂಡತಿ ಮಾರ್ಗರೀಟಾ ಕರಿಗಲ್ಲಿನಲ್ಲಿ ಪಕ್ಕಪಕ್ಕ ಮಲಗಿದ್ದಾರೆ. ಅನ್ಸೆಲ್ಮ್ 1483ರಲ್ಲಿ ಸ್ಕಾಟ್ಲೆಂಡಿನಲ್ಲಿ ಕೊಲೆಯಾದ. ದೇಹ ಅಲ್ಲೇ ಮಣ್ಣಾಯಿತು, ಹೃದಯವನ್ನಷ್ಟೇ ತಂದು ಹೆಂಡತಿಯ ಬಳಿ ಇಟ್ಟರು. ಪಕ್ಕದಲ್ಲೇ ಲೇಸ್ ಕೇಂದ್ರವಿದೆ. ಮಧ್ಯಾಹ್ನದ ಹೊತ್ತು ಹೋದರೆ, ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ, ಹತ್ತಾರು ಮರದ ಕದಿರುಗಳನ್ನು ದಾಟಿಸುತ್ತಾ ನೂಲು ಹೆಣೆಯುವ ಹೆಂಗಸರನ್ನು ನೋಡಬಹುದು.

ಇಷ್ಟೆಲ್ಲ ಹಾಗೆಯೇ ಉಳಿದದ್ದಕ್ಕೆ ಕಾರಣ ಊರಿಗೆ ಬಂದ ಬಡತನ. 1134ರ ಚಂಡಮಾರುತ ಜ್ವಿನ್ ಎಂಬ ಕೊಲ್ಲಿಯನ್ನು ಸೀಳಿ ಸಮುದ್ರಕ್ಕೆ ದಾರಿ ಮಾಡಿಕೊಟ್ಟಿತು. 1277ರಲ್ಲಿ ಜಿನೋವಾದ ಹಡಗುಗಳು ಬಂದವು. ಇಂಗ್ಲೆಂಡಿನ ಉಣ್ಣೆ, ಇಟಲಿಯವರು ತಂದ ಸಾಂಬಾರ ಪದಾರ್ಥಗಳು ಇಲ್ಲಿ ಕೈಬದಲಾದವು. ಆಮೇಲೆ ಅದೇ ಜ್ವಿನ್ ಹೂಳು ತುಂಬುತ್ತಾ ಹೋಯಿತು, ವ್ಯಾಪಾರ ಆಂಟ್ವರ್ಪ್‌ಗೆ ಜಾರಿತು. ಹೊಸದು ಕಟ್ಟಲು ಹಣವಿಲ್ಲದ್ದರಿಂದ ಹಳೆಯದನ್ನು ಯಾರೂ ಕೆಡವಲಿಲ್ಲ. 1892ರಲ್ಲಿ ಜಾರ್ಜ್ ರೋಡೆನ್‌ಬಾಕ್ ಇದನ್ನು ಸತ್ತ ಊರೆಂದು ಕರೆದು ಫ್ರೆಂಚ್‌ನಲ್ಲಿ ಕಾದಂಬರಿ ಬರೆದ. ಹೆಂಡತಿ ಸತ್ತವನೊಬ್ಬ ಅವಳನ್ನೇ ಹೋಲುವ ಹೆಣ್ಣಿನ ಬೆನ್ನುಹತ್ತುವ ಕತೆ ಅದು. ಅದನ್ನೋದಿ ಜನ ಊರು ನೋಡಲು ಬಂದರು. 2000ದಲ್ಲಿ ಯುನೆಸ್ಕೋ ಹಳೆಯ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಣುವುದೆಲ್ಲ ಹಳತೂ ಅಲ್ಲ. ಎಲ್ಲರೂ ಫೋಟೊ ತೆಗೆಯುವ ಬೋನಿಫಾಸಿಯಸ್ ಸೇತುವೆ ಮಧ್ಯಯುಗದ್ದೆಂದು ತೋರುತ್ತದೆ, ಕಟ್ಟಿದ್ದು 1910ರ ಸುಮಾರಿಗೆ.

ಸಂಜೆ ಆರರ ಮೇಲೆ ಗುಂಪು ಕರಗುತ್ತದೆ. ರೋಜೆನ್‌ಹೂಡ್‌ಕಾಯ್ ಎಂಬ ಕಾಲುವೆಯ ತಿರುವಿನಲ್ಲಿ ಹಗಲು ನಿಲ್ಲಲು ಜಾಗವಿಲ್ಲ, ರಾತ್ರಿ ಒಂಬತ್ತಕ್ಕೆ ಅಲ್ಲಿ ಕೂತು ಮಾತಾಡಬಹುದು. ಗಂಟೆಗೋಪುರದ ದೀಪ ನೀರಿನಲ್ಲಿ ಬೀಳುತ್ತದೆ. ಅಲ್ಲಿಂದ ಖ್ರೂನೆರೈ ದಂಡೆ ಹಿಡಿದು ಅತಿಥಿಗೃಹಕ್ಕೆ ನಡೆದ ಆ ದಾರಿ ನಮಗೆ ದೋಣಿಯ ಸುತ್ತಾಟಕ್ಕಿಂತ ಹಿತವಾಗಿತ್ತು. ದೋಣಿ ಬೇಕೇ ಬೇಕೆನ್ನುವವರು ಬೆಳಿಗ್ಗೆ ಹತ್ತರ ಮೊದಲ ಸರತಿಗೇ ಹೋಗಲಿ, ಆಮೇಲೆ ಸಾಲು ಬೆಳೆಯುತ್ತದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಬೆಲ್ಜಿಯಂನ ಆಲೂಗಡ್ಡೆ ಫ್ರೈಗಳನ್ನು ಎಷ್ಟೋ ಕಡೆ ಈಗಲೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಸಸ್ಯದ ಎಣ್ಣೆ ಬಳಸುವ ಅಂಗಡಿಗಳೂ ಇವೆ, ಕೇಳಿದರೆ ಹೇಳುತ್ತಾರೆ. ಬಿಯರ್ ಇಷ್ಟಪಡುವವರಿಗೆ 1856ರಿಂದ ನಡೆದುಬಂದ ಡೆ ಹಾಲ್ವೆ ಮಾನ್ ಬ್ರೂವರಿ ಇದೆ. ಇಕ್ಕಟ್ಟು ಬೀದಿಗಳಲ್ಲಿ ಟ್ಯಾಂಕರ್ ಓಡಾಟ ತಪ್ಪಿಸಲು ಅವರು 2016ರಲ್ಲಿ ಊರಿನ ಕೆಳಗೆ ಸುಮಾರು ಮೂರು ಕಿಲೊಮೀಟರ್ ಬಿಯರ್ ಕೊಳವೆಯನ್ನೇ ಹಾಕಿಸಿದರು.

ಭಾನುವಾರವನ್ನು ಡಾಮ್ಮೆಗೆ ಇಟ್ಟುಕೊಳ್ಳಿ. ಬಾಡಿಗೆ ಸೈಕಲ್ ಹಿಡಿದು ಹೊರಟರೆ ಆರೇಳು ಕಿಲೊಮೀಟರ್, ಏರು ಎಂಬುದೇ ಇಲ್ಲ. ಪಕ್ಕದ ನೇರ ಕಾಲುವೆ ನೆಪೋಲಿಯನ್‌ನ ಆಜ್ಞೆಯಂತೆ ಸ್ಪೇನಿನ ಯುದ್ಧಕೈದಿಗಳು ಅಗೆದದ್ದು; ಎರಡೂ ದಡಕ್ಕೆ ಗಾಳಿಗೆ ಓರೆಯಾಗಿ ಬೆಳೆದ ಮರಗಳ ಸಾಲು. ಒಂದು ಕಾಲಕ್ಕೆ ಬ್ರೂಜ್‌ನ ಬಂದರಾಗಿದ್ದ ಡಾಮ್ಮೆ ಈಗ ಹೊಲಗಳ ನಡುವಿನ ಪುಟ್ಟ ಊರು. ಮೇರಿಯ ಅಪ್ಪ ಚಾರ್ಲ್ಸ್ 1468ರ ಜುಲೈ 3ರಂದು ಬೆಳ್ಳಂಬೆಳಿಗ್ಗೆ ಇಂಗ್ಲೆಂಡಿನ ದೊರೆಯ ತಂಗಿ, ಯಾರ್ಕ್‌ನ ಮಾರ್ಗರೆಟ್‌ಳನ್ನು ಕೈಹಿಡಿದದ್ದು ಇಲ್ಲಿ. ಮೆರವಣಿಗೆ, ಕಾಳಗದ ಆಟ, ಔತಣಗಳೆಲ್ಲ ಬ್ರೂಜ್‌ನಲ್ಲಿ ನಡೆದವು. ಅವರ ಮದುವೆಯ ನೆನಪಿಗಾಗಿಯೇ ಬ್ರೂಜ್ ಹಲವು ಸಲ ಚಿನ್ನದ ಮರದ ಮೆರವಣಿಗೆ ಹೊರಡಿಸಿದೆ. ತಿರುಗಿ ಬರುವಾಗ ಎದುರುಗಾಳಿ ಜೋರಾಗಿರುವುದುಂಟು. ಹಾಗಾಗಿ ಸಂಜೆಯ ರೈಲಿಗೆ ಸಾಕಷ್ಟು ಸಮಯ ಇಟ್ಟುಕೊಂಡೇ ಡಾಮ್ಮೆಯಿಂದ ಹೊರಡಬೇಕು. ಸೈಕಲ್ ಒಲ್ಲದವರಿಗೆ ಋತುವಿನಲ್ಲಿ ಅದೇ ಕಾಲುವೆಯ ಮೇಲೆ ಲಾಮ್ಮೆ ಖೂಡ್‌ಜಾಕ್ ಎಂಬ ಚಕ್ರದ ಹಡಗು ಓಡಾಡುತ್ತದೆ.